ಮಾತಾಡದ ಹುಡುಗ ಕಲಿಸಿದ ನಂಬಿಕೆ

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿದ್ದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಮಕ್ಕಳಿಗೆ ಎರಡೇ ಕೆಲಸ. ಒಂದು ಅಜ್ಜನ ಮನೆ, ಇನ್ನೊಂದು ಬೇಸಿಗೆ ಶಿಬಿರ. ಹಾಡು, ನಾಟಕ, ಚಿತ್ರ, ಯಕ್ಷಗಾನದ ಹೆಜ್ಜೆ, ಬೆಟ್ಟ ಸುತ್ತಾಟ ಎಲ್ಲ ಇರುತ್ತದೆ. ಪತ್ರಿಕೋದ್ಯಮ ಓದಿದ ನಮ್ಮಂಥವರನ್ನು ‘ಮಕ್ಕಳ ಹತ್ತಿರ ಗೋಡೆಪತ್ರಿಕೆ ಮಾಡಿಸಿ’ ಎಂದು ಕರೆಯುತ್ತಾರೆ. ವಾನಳ್ಳಿ ಕಡೆಯ ಏಳು ದಿನದ ಶಿಬಿರವೊಂದಕ್ಕೆ ನಾವಿಬ್ಬರು ಹೋಗಿದ್ದು ಹಾಗೆಯೇ. ಅಲ್ಲಿ ಗೋಡೆಪತ್ರಿಕೆಯ ಜೊತೆ ಇನ್ನೊಂದು ಜವಾಬ್ದಾರಿಯೂ ಸಿಕ್ಕಿತು. ಒಂಬತ್ತು ವರ್ಷದ ಹುಡುಗನೊಬ್ಬನ ಜೊತೆ ದಿನವಿಡೀ ಇರಬೇಕು.

ಅವನ ಹೆಸರು, ಮನೆ ಇಲ್ಲಿ ಬರೆಯುವುದಿಲ್ಲ. ಮನೆಯವರು ಕರೆಯುವ ಹಾಗೆ ‘ತಮಾ’ ಎನ್ನೋಣ. ಅವನಿಗೆ ಆಟಿಸಂ ಇದೆ ಎಂದು ವೈದ್ಯರು ಹೇಳಿದ್ದಾರೆ. ಮಾತಿಲ್ಲ. ಒಂದನೇ ತರಗತಿಗೆ ಕೆಲವು ತಿಂಗಳು ಹೋಗಿ ಆಮೇಲೆ ಮನೆಯಲ್ಲೇ ಉಳಿದಿದ್ದ. ಶಿಬಿರಕ್ಕೆ ಕರೆತಂದ ಅವನ ಆಯಿ ಅಂಗಳದ ತುದಿಯಲ್ಲೇ ನಿಂತು, “ಅವಂಗೆ ಶಬ್ದ ಅಂದ್ರೆ ಆಗ್ತಿಲ್ಲೆ. ನಿಂಗಕ್ಕೆ ತ್ರಾಸಾದ್ರೆ ಫೋನ್ ಮಾಡಿ, ಕರ್ಕೊಂಡು ಹೋಗ್ತಿ” ಎಂದರು. ಆ ಮಾತಿನಲ್ಲಿ ಎಷ್ಟು ಕಡೆಯಿಂದ ಹೀಗೆ ವಾಪಸ್ ಕರೆದುಕೊಂಡು ಹೋಗಿದ್ದಾರೋ ಎನ್ನುವುದು ತಿಳಿಯುವಂತಿತ್ತು.

ಆಟಿಸಂ ಅಂಟುವ ಕಾಯಿಲೆಯಲ್ಲ, ಹುಚ್ಚೂ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಮಾತು, ಇನ್ನೊಬ್ಬರ ಜೊತೆ ಬೆರೆಯುವುದು, ದಿನಚರಿ ಬದಲಾದರೆ ಸಹಿಸುವುದು ಇಂಥವರಿಗೆ ಕಷ್ಟ. ಕೆಲವರಿಗೆ ನಮಗೆ ಸಾಮಾನ್ಯ ಅನ್ನಿಸುವ ಶಬ್ದ, ಬೆಳಕು, ಮುಟ್ಟುವಿಕೆ ತಡೆಯಲಾರದಷ್ಟು ಜೋರಾಗಿ ತಾಗುತ್ತದೆ. ಒಬ್ಬರ ಹಾಗೆ ಇನ್ನೊಬ್ಬರು ಇರುವುದಿಲ್ಲ. ಹಾಗಾಗಿ ತಮಾನನ್ನು ತಿಳಿಯಲು ತಮಾನನ್ನೇ ನೋಡಬೇಕಿತ್ತು.

ಮೊದಲ ದಿನ ನಾವು ಮಾಡಿದ್ದು ನೋಡುವುದನ್ನಷ್ಟೇ. ಸೀಟಿ ಊದಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಚಪ್ಪಾಳೆ ಹೊಡೆದರೆ ಓಡುತ್ತಿದ್ದ. ಒಣ ಗೇರುಬೀಜ ಸಿಕ್ಕರೆ ಸಾಲಾಗಿ ಜೋಡಿಸುತ್ತ ಅರ್ಧ ತಾಸು ಅಲ್ಲಾಡದೆ ಕೂರುತ್ತಿದ್ದ. ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ಹೊತ್ತಿನಲ್ಲೇ ಹೆಚ್ಚು ಗಾಬರಿ. ಮುಂದೇನು ಎಂದು ಗೊತ್ತಿಲ್ಲದಿರುವುದೇ ಅವನ ಭಯ.

ವಿಶೇಷ ಮಕ್ಕಳ ಶಿಕ್ಷಕಿಯೊಬ್ಬರಿಗೆ ಫೋನ್ ಮಾಡಿದೆವು. “ದಿನದಲ್ಲಿ ಏನೇನು ಆಗುತ್ತದೆ ಎಂದು ಚಿತ್ರ ಬರೆದು ತೋರಿಸಿ. ತೋರಿಸಿದ್ದನ್ನು ತಪ್ಪಿಸಬೇಡಿ” ಎಂದರು. ಹಳೆಯ ಮದುವೆ ಕಾಗದಗಳ ಹಿಂದೆ ಚಿತ್ರ ಬರೆದೆವು. ಪ್ರಾರ್ಥನೆಗೆ ದೀಪ, ಪಾನಕಕ್ಕೆ ಲೋಟ, ಕೈಕೆಲಸಕ್ಕೆ ಹಾಳೆಟೊಪ್ಪಿ, ಊಟಕ್ಕೆ ಬಾಳೆಲೆ, ಕೊನೆಗೆ ಆಯಿಯ ಚಿತ್ರ. ದಾರಕ್ಕೆ ಸಾಲಾಗಿ ಸಿಕ್ಕಿಸಿ ಅವನ ಕಣ್ಣಿಗೆ ಬೀಳುವಲ್ಲಿ ಕಟ್ಟಿದೆವು. ಒಂದೊಂದು ಮುಗಿದ ಹಾಗೆ ಆ ಚಿತ್ರ ತೆಗೆದು ಡಬ್ಬಿಗೆ ಹಾಕುವುದು ಅವನ ಕೆಲಸ.

ಎರಡನೇ ದಿನ ಆ ದಾರದ ಹತ್ತಿರ ಹತ್ತಾರು ಸಲ ಹೋಗಿ ನೋಡಿದ. ಮೂರನೇ ದಿನ ನಾಲ್ಕೈದು ಸಲ. ಐದನೇ ದಿನ ಬೆಳಿಗ್ಗೆ ಒಮ್ಮೆ ನೋಡಿ ಕೊನೆಯಲ್ಲಿ ಆಯಿ ಇದ್ದಾಳೆ ಎಂದು ಖಾತ್ರಿ ಮಾಡಿಕೊಂಡು ಗೇರುಬೀಜದ ಕಡೆ ನಡೆದ.

ನಂಬಿಕೆ ಹೇಗೆ ಹುಟ್ಟುತ್ತದೆ ಎಂದು ನಾವು ಕಣ್ಣಾರೆ ಕಂಡಿದ್ದು ಆಗ. ಕನ್ನಡದಲ್ಲಿ ದೇವರ ಮೇಲೆ ಇರುವುದಕ್ಕೂ ನಂಬಿಕೆ ಅನ್ನುತ್ತೇವೆ, ಮನುಷ್ಯರ ಮೇಲೆ ಇರುವುದಕ್ಕೂ ಅದೇ ಶಬ್ದ. ಎರಡನ್ನೂ ಭಾಷಣ ಮಾಡಿ ತರಲು ಬರುವುದಿಲ್ಲ. ಹೇಳಿದ ಹೊತ್ತಿಗೆ ಹೇಳಿದ್ದು ಆಗಬೇಕು, ನಾಳೆಯೂ ಆಗಬೇಕು, ನಾಡಿದ್ದೂ ಆಗಬೇಕು. ನಮ್ಮ ಮನೆಗಳಲ್ಲಿ ಸಂಜೆಯಾದರೆ ದೇವರ ಮುಂದೆ ದೀಪ ಹಚ್ಚುವುದು ಹೀಗೆಯೇ. ಮನಸ್ಸು ಸರಿ ಇದ್ದ ದಿನವೂ ಹಚ್ಚುತ್ತೇವೆ, ಸರಿ ಇಲ್ಲದ ದಿನವೂ ಹಚ್ಚುತ್ತೇವೆ.

ನಾಲ್ಕನೇ ದಿನ ಮಧ್ಯಾಹ್ನ ಬೇಸಿಗೆ ಮಳೆ ಬಂತು. ಗುಡುಗು ಸಿಡಿಲು, ಹೆಂಚಿನ ಮೇಲೆ ಆಲಿಕಲ್ಲಿನ ಸದ್ದು, ಕರೆಂಟ್ ಹೋಯಿತು. ತಮಾ ಮೇಜಿನ ಕೆಳಗೆ ಸೇರಿ ಕಿವಿ ಮುಚ್ಚಿ ಕೂಗತೊಡಗಿದ. ನಾವು ಹತ್ತಿರ ಕುಳಿತೆವು, ಮುಟ್ಟಲಿಲ್ಲ. ಅಷ್ಟರಲ್ಲಿ ಮೂರನೇ ತರಗತಿಯ ಹುಡುಗಿಯೊಬ್ಬಳು ಬಂದು ಮೇಜಿನ ಕೆಳಗೆ ತೂರಿದಳು. ಒಂದು ಮಾತೂ ಆಡಲಿಲ್ಲ. ಕಿಸೆಯಿಂದ ಗೇರುಬೀಜ ತೆಗೆದು ಒಂದೊಂದಾಗಿ ನೆಲದ ಮೇಲೆ ಸಾಲು ಇಟ್ಟಳು. ಸ್ವಲ್ಪ ಹೊತ್ತಿಗೆ ತಮಾ ಒಂದು ಕೈ ಕಿವಿಯಿಂದ ತೆಗೆದು ಸೊಟ್ಟಗಿದ್ದ ಒಂದು ಬೀಜವನ್ನು ಸರಿ ಮಾಡಿದ. ಮರುದಿನ ಅದೇ ಹುಡುಗಿ, “ತಮಂಗೆ ಚಪ್ಪಾಳೆ ಬ್ಯಾಡ, ಎಲ್ಲರೂ ಕೈ ಎತ್ತಿ ಅಲ್ಲಾಡ್ಸನ” ಎಂದಳು. ಕೊನೆಯ ದಿನದವರೆಗೂ ಇಡೀ ಶಿಬಿರ ಹಾಗೇ ಮಾಡಿತು.

ಸಂಜೆ ತಮಾನನ್ನು ಮನೆಗೆ ಬಿಡಲು ಹೋದಾಗ ಅವರ ಮನೆಯ ಜಗಲಿಯಲ್ಲಿ ಬೇರೆ ಥರದ ನಂಬಿಕೆಯ ಮಾತು ಕೇಳಿದೆವು. “ಹಿಂದಿನ ಜನ್ಮದ್ದು” ಎಂದವರು ಯಾರೋ, “ಬಸುರಿಯಲ್ಲಿ ಆಯಿ ಸರಿ ನೋಡಿಕೊಂಡಿಲ್ಲ” ಎಂದವರು ಯಾರೋ. ಆ ತಾಯಿ ಎಷ್ಟೋ ವರ್ಷ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದರು.

ಈ ದೂರು ನಮ್ಮ ಹಳ್ಳಿಗಳದ್ದು ಮಾತ್ರವಲ್ಲ. 1943ರಲ್ಲಿ ಅಮೆರಿಕದಲ್ಲಿ ಲಿಯೊ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು ಹನ್ನೊಂದು ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ವಿವರವಾಗಿ ಬರೆದರು. ಆಮೇಲಿನ ವರ್ಷಗಳಲ್ಲಿ ಅಲ್ಲಿನ ದೊಡ್ಡ ದೊಡ್ಡ ತಜ್ಞರೇ, ತಾಯಿ ಮಗುವಿಗೆ ಪ್ರೀತಿ ಕೊಡದೆ ತಣ್ಣಗಿದ್ದರೆ ಹೀಗಾಗುತ್ತದೆ ಎಂದುಬಿಟ್ಟರು. ಸಾವಿರಾರು ತಾಯಂದಿರು ಆ ಮಾತು ಹೊತ್ತುಕೊಂಡು ಬದುಕಿದರು. 1964ರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞ, ಇದು ಮಿದುಳಿಗೆ ಸಂಬಂಧಿಸಿದ್ದು, ತಾಯಿಯ ತಪ್ಪಲ್ಲ ಎಂದು ಪುಸ್ತಕ ಬರೆದು ವಾದಿಸಿದರು. ಅವರ ಮಗನಿಗೂ ಆಟಿಸಂ ಇತ್ತು. ಅಲ್ಲಿ ವಿಜ್ಞಾನದ ಹೆಸರಿನಲ್ಲಿ ಹೇಳಿದರು, ಇಲ್ಲಿ ಕರ್ಮದ ಹೆಸರಿನಲ್ಲಿ ಹೇಳುತ್ತಾರೆ. ಹೊರೆ ಬೀಳುವುದು ಎರಡೂ ಕಡೆ ತಾಯಿಯ ತಲೆ ಮೇಲೆಯೇ.

ಹಾಗೆಂದು ನಂಬಿಕೆಯೇ ಬೇಡ ಎನ್ನಲು ಆ ಮನೆಯ ಅಜ್ಜಿ ಬಿಡಲಿಲ್ಲ. ಅವರು ಮಾರಿಕಾಂಬೆಗೆ ಹರಕೆ ಹೊತ್ತವರು. “ಅವ ಮಾತಾಡ್ಲಿ ಹೇಳಿ ಹರಕೆನಾ ಅಮ್ಮ?” ಎಂದು ಕೇಳಿದೆವು. ಅಜ್ಜಿ ತಲೆ ಅಲ್ಲಾಡಿಸಿದರು. “ಮೊದ್ಲು ಹಂಗೇ ಇತ್ತು. ಈಗ, ನಂಗಳ ಕಾಲ ಮುಗದ್ಮೇಲೆ ಅವನ್ನ ನೋಡವು ಇರ್ಲಿ ಹೇಳಿ” ಎಂದರು. ಆಮೇಲೆ ಅಡಕೆ ಕತ್ತರಿಸುತ್ತ, “ದೇವ್ರೂ ಮಾತಾಡ್ತ್ನಿಲ್ಲೆ. ಹಂಗಂತ ಪೂಜೆ ಬಿಟ್ಟಿದ್ವಾ ತಮಾ?” ಎಂದರು.

ಆ ಮಾತು ನಮ್ಮನ್ನು ತುಂಬ ದಿನ ಬಿಡಲಿಲ್ಲ. ಶಿಬಿರದಲ್ಲಿ ಏಳು ದಿನ ತಮಾ ಒಂದು ಶಬ್ದವನ್ನೂ ಆಡಿರಲಿಲ್ಲ. ವರದಿ ಬರೆಯುವವರಾದ ನಮಗೆ ಫಲ ಕಾಣಬೇಕು, ಬರೆಯಲು ಸುದ್ದಿ ಬೇಕು. ಅಜ್ಜಿ ಉತ್ತರ ಬಾರದ ಕಡೆಗೂ ದಿನಾ ಮಾತಾಡುತ್ತಾರೆ. ದೇವರ ಕೋಣೆಯಲ್ಲೂ ಮಾತಾಡುತ್ತಾರೆ, ಮೊಮ್ಮಗನ ಹತ್ತಿರವೂ ಮಾತಾಡುತ್ತಾರೆ. ತಮಾ ಉತ್ತರ ಕೊಡುವುದಿಲ್ಲ, ಆದರೆ ಅಜ್ಜಿ ಮಾತು ನಿಲ್ಲಿಸಿದರೆ ತಿರುಗಿ ನೋಡುತ್ತಾನೆ.

ನಂಬಿಕೆಯ ರೂಪ ಬದಲಾಗುತ್ತದೆ ಎನ್ನುವುದಕ್ಕೆ ಶಿರಸಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಮಾರಿಕಾಂಬೆಗೆ ಹಿಂದೆ ಕೋಣನ ಬಲಿ ಇತ್ತು. 1930ರ ದಶಕದಲ್ಲಿ, ಗಾಂಧೀಜಿ ಶಿರಸಿಗೆ ಬಂದ ಕಾಲಕ್ಕೆ, ಅದು ನಿಂತಿತು. ಅಮ್ಮನ ಮೇಲಿನ ಭಕ್ತಿ ಕಡಿಮೆಯಾಗಲಿಲ್ಲ, ಎರಡು ವರ್ಷಕ್ಕೊಮ್ಮೆ ಜಾತ್ರೆಗೆ ಜನ ಬರುವುದೂ ನಿಲ್ಲಲಿಲ್ಲ. ಹಾಗೆಯೇ ‘ಹಿಂದಿನ ಜನ್ಮದ್ದು’ ಎನ್ನುವ ಮಾತನ್ನು ಬಿಟ್ಟರೂ ನಮ್ಮ ದೇವರಿಗೆ ಏನೂ ಕೊರತೆಯಾಗುವುದಿಲ್ಲ. ಒಂದು ಮಗುವಿಗೆ ಮಾತ್ರ ದಾರಿ ತೆರೆಯುತ್ತದೆ.

ಹರಕೆಯ ಜೊತೆಗೇ ಮಾಡಬೇಕಾದ ಕೆಲಸಗಳಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. 1995ರ ಹಳೆಯ ಕಾಯ್ದೆಯಲ್ಲಿ ಇದ್ದಿದ್ದು ಏಳೇ. ಆಟಿಸಂ ಈಗ ಆ ಪಟ್ಟಿಯಲ್ಲಿದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ವಿಶೇಷ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕಿದೆ. ‘ನಿಮ್ಮ ಮಗು ಇಲ್ಲಿ ಬೇಡ’ ಎಂದು ಹೇಳುವ ಅಧಿಕಾರ ಸರಕಾರಿ ಶಾಲೆಗೆ ಇಲ್ಲ. ಮೊದಲು ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ, ಸರಕಾರಿ ಸವಲತ್ತಿಗೆ ಅದೇ ಆಧಾರ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಕಾರ್ಡ್‌ಗೆ ಅರ್ಜಿ ಹಾಕಲು ಅವರನ್ನು ಕೇಳಿ. ತಾಲೂಕಿನ ಬಿಇಒ ಕಚೇರಿಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕರು ಸಿಗುತ್ತಾರೆ. ಶಾಲೆಗೆ ಬರಲಾರದ ಮಕ್ಕಳಿಗೆ ಮನೆಯಲ್ಲೇ ಕಲಿಸುವ ವ್ಯವಸ್ಥೆಯೂ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ ಇರುವವರಿಗೆ ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ.

ಜೂನ್‌ನಲ್ಲಿ ಶಾಲೆ ಶುರುವಾದಾಗ ತಮಾನ ಆಯಿ ಚಿತ್ರಗಳ ದಾರ ಹಿಡಿದುಕೊಂಡು ಶಾಲೆಗೆ ಹೋದರು. ಈಗ ಅವನು ಮಧ್ಯಾಹ್ನದ ಊಟದವರೆಗೆ ಶಾಲೆಯಲ್ಲಿ ಇರುತ್ತಾನೆ. ಮಾತು ಬಂದಿಲ್ಲ. ಕೆಲವು ದಿನ ಬೇಗ ಕರೆತರಬೇಕಾಗುತ್ತದೆ. ತಟ್ಟೆ ತೊಳೆದು ಸಾಲಿನಲ್ಲಿ ಇಡುವ ಕೆಲಸ ಅವನದ್ದೇ, ಅದರಲ್ಲಿ ಯಾರೂ ಕೈ ಹಾಕುವ ಹಾಗಿಲ್ಲವಂತೆ.

ನಿಮ್ಮ ಕೇರಿಯಲ್ಲೂ ಇಂಥ ಮಗುವಿರುವ ಮನೆ ಇರಬಹುದು. ಹೋದಾಗ ಕಾರಣ ಹುಡುಕಬೇಡಿ, ಔಷಧಿ ಹೇಳಬೇಡಿ. ಮಗುವಿಗೆ ಯಾವುದು ಇಷ್ಟ, ಯಾವುದು ಆಗುವುದಿಲ್ಲ ಎಂದು ತಾಯಿಯ ಹತ್ತಿರ ಕೇಳಿ. ಮದುವೆಗೆ ಕರೆಯುವಾಗ ಮಗುವನ್ನೂ ಹೆಸರು ಹಿಡಿದು ಕರೆಯಿರಿ. ಮುಂದಿನ ಏಪ್ರಿಲ್‌ನಲ್ಲಿ ಊರ ಶಿಬಿರಕ್ಕೆ ಪಟ್ಟಿ ಮಾಡುವಾಗ ಆ ಹೆಸರನ್ನೂ ಬರೆದುಕೊಳ್ಳಿ. ಜೊತೆಗಿರಲು ಒಬ್ಬರೋ ಇಬ್ಬರೋ ಬೇಕು, ಒಂದಷ್ಟು ಹಳೆಯ ಮದುವೆ ಕಾಗದ ಬೇಕು, ಹೇಳಿದ ಹೊತ್ತಿಗೆ ಪಾನಕ ಬರಬೇಕು. ಅಷ್ಟು ಮಾಡಲು ನಮ್ಮ ಊರುಗಳಿಗೆ ಖಂಡಿತ ಬರುತ್ತದೆ.