ಮಾತ್ರೆ ಬಂದಿದೆಯೇ?

ಮನಸ್ಸಿನ ಕಾಯಿಲೆಯ ಬಗ್ಗೆ ನಮ್ಮಲ್ಲಿ ಮಾತಿಗೇನೂ ಬರವಿಲ್ಲ. ಅಕ್ಟೋಬರ್ ಹತ್ತು ಬಂತೆಂದರೆ ಶಾಲೆಯಲ್ಲಿ ಭಾಷಣ, ಊರೊಳಗೆ ಜಾಥಾ, ಆಮೇಲೆ ಉಪ್ಪಿಟ್ಟು. ಬೇಡವೆನ್ನುತ್ತಿಲ್ಲ, ಕಾಯಿಲೆಯ ಹೆಸರನ್ನಾದರೂ ಜನ ಬಾಯಿಬಿಟ್ಟು ಹೇಳುವಂತಾಗಿದೆ. ಆದರೆ ಕಾಯಿಲೆಯವರ ಮನೆಯೊಳಗೆ ಕೇಳುವ ಪ್ರಶ್ನೆಯೇ ಬೇರೆ: ಈ ತಿಂಗಳ ಮಾತ್ರೆ ಎಲ್ಲಿಂದ?

ನಮ್ಮ ಬೀದಿಯಲ್ಲಿ ಹೂ ಮಾರುವ ಹೆಂಗಸೊಬ್ಬರಿದ್ದಾರೆ. ಎಲ್ಲರೂ ಹೂವಮ್ಮ ಎಂದೇ ಕರೆಯುತ್ತೇವೆ. ಪಿಯುಸಿ ಓದುತ್ತಿದ್ದ ಅವರ ಮಗ ಒಂದು ದಿನ, ಯಾರೋ ತನ್ನನ್ನು ಬೈಯುತ್ತಿರುವುದು ಕೇಳಿಸುತ್ತದೆಂದು ಬಾಗಿಲು ಹಾಕಿಕೊಂಡು ಕುಳಿತ. ತಾಯತ, ಹರಕೆ, ಮಂತ್ರಿಸಿದ ನೀರು ಎಲ್ಲ ಆಯಿತು. ಕೊನೆಗೆ ಬೆಂಗಳೂರಿಗೆ ಕರೆದೊಯ್ದರು. ಮಾತ್ರೆ ಹಿಡಿಯಿತು, ಹುಡುಗ ಮತ್ತೆ ತಲೆ ಬಾಚಿಕೊಳ್ಳತೊಡಗಿದ. ಆದರೆ ತಿಂಗಳಿಗೊಮ್ಮೆ ಬೆಂಗಳೂರೆಂದರೆ ಇಬ್ಬರ ಬಸ್ ಚಾರ್ಜು, ಎರಡು ದಿನದ ವ್ಯಾಪಾರ ಖೋತಾ. ನಾಲ್ಕನೆಯ ತಿಂಗಳು ಹೋಗಲಾಗಲಿಲ್ಲ. ಬೈಗುಳ ಮತ್ತೆ ಕೇಳಿಸತೊಡಗಿತು. “ಔಷಧಿ ಪುಕ್ಕಟೆ ಕೊಡ್ತಾರೆ ಟೀಚರಮ್ಮ, ಬಸ್ಸಿನವನು ಕೊಡ್ತಾನಾ?” ಎಂದರು. ನಾನೇನು ಹೇಳಲಿ?

ಈ ತೊಡಕಿಗೆ ಉತ್ತರ ಹುಡುಕಿದ್ದು ನಮ್ಮ ಕರ್ನಾಟಕದಲ್ಲೇ ಎಂದರೆ ನಿಮಗೆ ಆಶ್ಚರ್ಯವಾದೀತು. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡದ್ದು 1982ರಲ್ಲಿ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಅದನ್ನು ಇಡೀ ಒಂದು ಜಿಲ್ಲೆಯಲ್ಲಿ ನಡೆಸಿ ತೋರಿಸಿದ್ದು ಬಳ್ಳಾರಿಯಲ್ಲಿ, 1980ರ ದಶಕದ ನಡುವೆ. ನಿಮ್ಹಾನ್ಸ್‌ನವರು ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಕಲಿತದ್ದನ್ನು ಅಲ್ಲಿಗೆ ಒಯ್ದರು. ಹೊಸ ಹುಚ್ಚಾಸ್ಪತ್ರೆ ಕಟ್ಟಲಿಲ್ಲ. ಕೆಮ್ಮು ಜ್ವರ ನೋಡುವ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟರು. ಹಳ್ಳಿ ಸುತ್ತುವ ಆರೋಗ್ಯ ಕಾರ್ಯಕರ್ತರಿಗೆ ಕಾಯಿಲೆಯ ಲಕ್ಷಣ ಗುರುತಿಸಲು, ಔಷಧಿ ಬಿಟ್ಟವರನ್ನು ವಿಚಾರಿಸಲು ಕಲಿಸಿದರು. ಅಗತ್ಯವಾದ ಕೆಲವೇ ಬಗೆಯ ಮಾತ್ರೆಗಳನ್ನು ಅಲ್ಲೇ ಇರಿಸಿದರು. ಮೂರ್ಛೆರೋಗದವರಿಗೂ ಅದರಿಂದ ಅನುಕೂಲವಾಯಿತು. ಈ ಮಾದರಿಯ ಮೇಲೆಯೇ 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಕಾರ್ಯಕ್ರಮ ಶುರುವಾಯಿತು.

ಚಿಕಿತ್ಸೆ ಹತ್ತಿರವಿಲ್ಲದಿದ್ದರೆ ಏನಾಗುತ್ತದೆಂಬುದನ್ನು 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಕಂಡೆವು. ದರ್ಗಾದ ಬಳಿಯ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದು 28 ಜನ ಸತ್ತರು. ಸರಪಳಿ ಬಿಗಿದಿದ್ದರಿಂದ ಓಡಲೂ ಆಗಲಿಲ್ಲ. ಅಲ್ಲಿ ಬಿಟ್ಟುಹೋದ ಮನೆಯವರನ್ನು ಕಟುಕರೆನ್ನಲು ನನಗೆ ನಾಲಿಗೆ ಬರುವುದಿಲ್ಲ. ರಾತ್ರಿಯೆಲ್ಲ ಕಾದು ಕುಳಿತ ತಾಯಂದಿರನ್ನು ನೋಡಿದ್ದೇನೆ.

2017ರ ಕಾಯಿದೆ ಚಿಕಿತ್ಸೆಯನ್ನು ಹಕ್ಕೆಂದು ಹೇಳಿತು. ನಮ್ಮ ರಾಜ್ಯದಲ್ಲಿ ಅದಕ್ಕೂ ಮೊದಲೇ ಮನೋಚೈತನ್ಯ ಎಂಬ ಯೋಜನೆ ಬಂದಿತ್ತು: ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡು. ಹೂವಮ್ಮನಿಗೆ ಆ ಸುದ್ದಿ ಮುಟ್ಟಿದ್ದು ಜಾಥಾದಿಂದಲ್ಲ, ಆಶಾ ಕಾರ್ಯಕರ್ತೆಯಿಂದ. ಈಗ ಬೆಳಿಗ್ಗೆ ಹೋಗಿ, ಸಂಜೆಯ ವ್ಯಾಪಾರದ ಹೊತ್ತಿಗೆ ತಾಯಿ ಮಗ ಮನೆಯಲ್ಲಿರುತ್ತಾರೆ. ಒಮ್ಮೆ ಮಾತ್ರ, “ಮಾತ್ರೆ ಬಂದಿಲ್ಲ, ಮುಂದಿನ ವಾರ ಬನ್ನಿ” ಎಂದು ಬರಿಗೈಲಿ ಕಳಿಸಿದರಂತೆ. ಆ ವಾರವಿಡೀ ಅವರು ನಿದ್ದೆ ಮಾಡಲಿಲ್ಲ.

ನಮ್ಮ ಮಹಿಳಾ ಸಮಾಜದವರು ಸೇರಿ ಆಸ್ಪತ್ರೆಗೆ ಅರ್ಜಿ ಬರೆದೆವು. ಕೇಳಿದ್ದು ಎರಡೇ: ಯಾವ ಮಾತ್ರೆ ಎಷ್ಟಿದೆಯೆಂದು ಪ್ರತಿ ಸೋಮವಾರ ಬೋರ್ಡಿನ ಮೇಲೆ ಬರೆಯಬೇಕು, ಡಾಕ್ಟರು ಬಾರದ ಮಂಗಳವಾರ ಮುಂಚೆಯೇ ತಿಳಿಸಬೇಕು. ಮೊದಲನೆಯದಕ್ಕೆ ಒಪ್ಪಿದ್ದಾರೆ. ಎರಡನೆಯದಕ್ಕೆ “ನೋಡೋಣ” ಎಂದಿದ್ದಾರೆ.