ತೂಕಕ್ಕೆ ಹಾಕುವ ಮೊದಲು

ಮಳೆ ಹಿಡಿಯುವ ಮೊದಲು ಹಂಚು ಸರಿಮಾಡಿಸಲೆಂದು ಅಟ್ಟ ಹತ್ತಿದಾಗಲೇ ನಮ್ಮ ಕಡೆಯ ಮನೆಯವರಿಗೆ ತಮ್ಮಲ್ಲಿ ಏನೇನಿದೆ ಎಂದು ಗೊತ್ತಾಗುವುದು. ಕುಂದಾಪುರದಿಂದ ಉತ್ತರಕ್ಕೆ ಬೈಂದೂರಿಗೆ ಹೋಗಿ, ದಕ್ಷಿಣಕ್ಕೆ ಬ್ರಹ್ಮಾವರಕ್ಕೆ ಬನ್ನಿ, ಯಾವ ಅಟ್ಟವೂ ಬೇರೆ ಕಥೆ ಹೇಳುವುದಿಲ್ಲ. ರೆಕ್ಕೆ ಬಗ್ಗಿದ ಎರಡು ಫ್ಯಾನು, ಜಾರ್ ಇಲ್ಲದ ಮಿಕ್ಸಿ, ಜಾರ್ ಮಾತ್ರ ಉಳಿದ ಇನ್ನೊಂದು ಮಿಕ್ಸಿ, ಡಬ್ಬದ ಗಾತ್ರದ ಸ್ಟೆಬಿಲೈಸರ್, ಬೆನ್ನು ಉಬ್ಬಿದ ಹಳೆಯ ಟೀವಿ. ಶಿರೂರು, ಗಂಗೊಳ್ಳಿ ಕಡೆಯಾದರೆ ಇದರ ಜೊತೆಗೆ ಗಲ್ಫ್‌ನಿಂದ ಬಂದ ಟೇಪ್‌ರೆಕಾರ್ಡರ್ ಒಂದು ಖಂಡಿತ. ಹಾಳಾದ ದಿನವೇ ಯಾರೂ ಎಸೆದಿರುವುದಿಲ್ಲ. ಮನೆಯ ಹಿರಿಯ ಹೆಂಗಸರು, “ಎಂತಕ್ಕೆ ಬಿಸಾಡುದ್? ಇರ್ಲಿ, ಕಾಂಬ” ಎಂದಿರುತ್ತಾರೆ. ಆ ‘ಕಾಂಬ’ಕ್ಕೆ ಇಪ್ಪತ್ತು ವರ್ಷವೂ ಆಗಬಹುದು.

ಹೊರಗೆ ಗುಜರಿ ಗಾಡಿಯ ಮೈಕು ಕೇಳಿದಾಗ ಪ್ರಶ್ನೆ ಬರುತ್ತದೆ. ಹೀಗೇ ಇಡಿಯಾಗಿ ಕೊಟ್ಟುಬಿಡುವುದೋ, ಒಂದು ಸಂಜೆ ಕೂತು ಬಿಚ್ಚಿ, ತಾಮ್ರ ಬೇರೆ, ಅಲ್ಯೂಮಿನಿಯಂ ಬೇರೆ, ಕಬ್ಬಿಣ ಬೇರೆ ಮಾಡಿ ಕೊಡುವುದೋ? ನಮ್ಮ ಕಡೆಯ ಗುಜರಿಯವರು ಈ ವಿಷಯದಲ್ಲಿ ಮುಚ್ಚುಮರೆ ಮಾಡುವವರಲ್ಲ. “ಶೆಟ್ರೆ, ಇಡೀ ಕೊಟ್ರೆ ಒಂದ್ ರೇಟ್, ಬಿಚ್ಚಿ ಕೊಟ್ರೆ ಇನ್ನೊಂದ್ ರೇಟ್. ಬಿಚ್ಚುಕೆ ನಿಮ್ಗೆ ಪುರ್ಸೊತ್ತಿತ್ತಾ ಕಾಣಿ” ಎಂದು ನೇರವಾಗಿಯೇ ಹೇಳುತ್ತಾರೆ. ಬಿಚ್ಚುವ ಕೆಲಸಕ್ಕೆ ಕೂಲಿ ಇದೆ, ಆ ಕೂಲಿ ಯಾರಿಗೆ ಸೇರಬೇಕು ಎಂಬುದಷ್ಟೇ ಅವರ ಮಾತಿನ ಅರ್ಥ.

ಫ್ಯಾನಿನಿಂದ ಲೆಕ್ಕ ಶುರುಮಾಡೋಣ, ಏಕೆಂದರೆ ಬಿಚ್ಚಲು ಅದಕ್ಕಿಂತ ಸಲೀಸಾದದ್ದು ಮನೆಯಲ್ಲಿ ಇನ್ನೊಂದಿಲ್ಲ. ದರ ದಿನಕ್ಕೊಂದು ಇರುತ್ತದೆ, ಲಂಡನ್ನಿನ ಲೋಹದ ಪೇಟೆ ಏರಿದರೆ ಕೋಟೇಶ್ವರದ ಗುಜರಿ ಅಂಗಡಿಯಲ್ಲೂ ಏರುತ್ತದೆ. ಆದರೂ ಒಂದು ಅನುಪಾತ ಮನಸ್ಸಿನಲ್ಲಿಟ್ಟುಕೊಳ್ಳಬಹುದು: ತಾಮ್ರದ ಬೆಲೆ ಕಬ್ಬಿಣದ ಇಪ್ಪತ್ತು ಪಟ್ಟಿಗೂ ಮೇಲೆ, ಅಲ್ಯೂಮಿನಿಯಂ ಇವೆರಡರ ನಡುವೆ. ಕಬ್ಬಿಣ ಕಿಲೋಗೆ 30, ಅಲ್ಯೂಮಿನಿಯಂ 120, ತಾಮ್ರ 700 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಹಳೆಯ ಫ್ಯಾನೊಂದರಲ್ಲಿ ರಾಡು, ಒಳಗಿನ ತಗಡಿನ ಅಡಕು ಸೇರಿ ಎರಡು ಕಿಲೋ ಕಬ್ಬಿಣದ ಜಾತಿ, ರೆಕ್ಕೆ ಮತ್ತು ಹೊರಮೈ ಸೇರಿ ಒಂದೂವರೆ ಕಿಲೋ ಅಲ್ಯೂಮಿನಿಯಂ, ಕಾಯಿಲ್‌ನಲ್ಲಿ 300 ಗ್ರಾಂ ತಾಮ್ರ ಇದೆ ಎನ್ನಿ. ಇಡಿಯಾಗಿ ಕಬ್ಬಿಣದ ದರಕ್ಕೆ ಹಾಕಿದರೆ ನೂರ ಹದಿನಾಲ್ಕು ರೂಪಾಯಿ. ಬೇರೆ ಮಾಡಿ ಕೊಟ್ಟರೆ ನಾನೂರ ಐವತ್ತು. ನಾಲ್ಕು ಸ್ಕ್ರೂ, ಒಂದು ಇಕ್ಕಳ, ಒಂದು ಗಂಟೆ. ಇದು ಖಂಡಿತ ಲಾಭದ ಕೆಲಸ. ರಜೆಯಲ್ಲಿ ಮನೆಯಲ್ಲಿರುವ ಹೈಸ್ಕೂಲು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದರೆ, ಪಂಖ ತಿರುಗುವುದು ಹೇಗೆ ಎಂಬುದೂ ಅವರಿಗೆ ಗೊತ್ತಾಗುತ್ತದೆ.

ಆದರೆ ಫ್ಯಾನಿನ ಲೆಕ್ಕ ಹಿಡಿದುಕೊಂಡು ಉಳಿದದ್ದಕ್ಕೆಲ್ಲ ಕೈಹಾಕಿದರೆ ನಿರಾಸೆ. ಮಿಕ್ಸಿ ಹೊರಗಿನಿಂದ ಭಾರ, ಒಳಗೆ ಅರ್ಧ ಪ್ಲಾಸ್ಟಿಕ್ಕು. ತಾಮ್ರವೇನೋ ಇದೆ, ಆದರೆ ಆರ್ಮೇಚರಿನ ಸಂದುಗಳಲ್ಲಿ ವಾರ್ನಿಶ್ ಹಾಕಿ ಗಟ್ಟಿಯಾಗಿ ಕೂರಿಸಿದ್ದು, ಕೀಳಲು ಹೋದರೆ ತುಂಡುತುಂಡಾಗಿ ಬರುತ್ತದೆ. ಸ್ಟೆಬಿಲೈಸರ್ ಇನ್ನೊಂದು ಬಗೆ. ಸಂಜೆ ಏಳರ ಹೊತ್ತಿಗೆ ವೋಲ್ಟೇಜ್ ಬಿದ್ದು ಬಲ್ಬು ಕೆಂಪಾಗುತ್ತಿದ್ದ ಕಾಲವನ್ನು ನಮ್ಮ ಹಳ್ಳಿಗಳು ಮರೆತಿಲ್ಲ. ಆಗ ಟೀವಿಗೊಂದು, ಫ್ರಿಜ್ಜಿಗೊಂದು ಸ್ಟೆಬಿಲೈಸರ್ ಇಲ್ಲದೆ ನಡೆಯುತ್ತಿರಲಿಲ್ಲ. ಅದಕ್ಕೇ ಈಗ ಪ್ರತಿ ಅಟ್ಟದಲ್ಲೂ ಅದು ಇದೆ. ಎತ್ತಿದರೆ ಭಾರ, ತೆರೆದರೆ ಕೆಂಪಗೆ ಹೊಳೆಯುವ ಸುರುಳಿ. ನಂಬುವ ಮೊದಲು ಒಂದು ಎಳೆಯನ್ನು ಅರದಿಂದ ಕೊಂಚ ಉಜ್ಜಿ. ಒಳಗೂ ಕೆಂಪಾಗಿದ್ದರೆ ತಾಮ್ರ, ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಅಗ್ಗದ ಸ್ಟೆಬಿಲೈಸರುಗಳಲ್ಲಿ, ಎಷ್ಟೋ ವಾಷಿಂಗ್ ಮೆಷಿನ್ ಮೋಟಾರುಗಳಲ್ಲಿ ಇರುವುದು ಎರಡನೆಯದೇ, ಮೇಲಿನ ಎನಾಮಲ್ ಮಾತ್ರ ತಾಮ್ರದ ಬಣ್ಣದ್ದು. ಅರ ಮತ್ತು ಒಂದು ಸಣ್ಣ ಅಯಸ್ಕಾಂತ, ಇವೆರಡು ಇಟ್ಟುಕೊಂಡವರಿಗೆ ಅರ್ಧ ಗುಜರಿ ವಿದ್ಯೆ ಬಂದಂತೆ. ಅಯಸ್ಕಾಂತಕ್ಕೆ ಅಂಟಿದ್ದು ಕಬ್ಬಿಣದ ರಾಶಿಗೆ, ಅಂಟದ್ದನ್ನು ಇನ್ನೊಮ್ಮೆ ನೋಡಬೇಕು.

ತಡ ಮಾಡುವುದರಿಂದಲೂ ನಷ್ಟವಿದೆ, ಕರಾವಳಿಯಲ್ಲಿ ಅದು ಬೇರೆ ಕಡೆಗಿಂತ ಹೆಚ್ಚು. ಮರವಂತೆಯಂಥ ಊರಿನಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಅಂಥಲ್ಲಿ ತಗಡಿನ ವಸ್ತು ಹಾಗೇ ಬಿದ್ದಿದ್ದರೆ ಉಪ್ಪುಗಾಳಿ ಅದನ್ನು ತಿನ್ನುತ್ತಲೇ ಇರುತ್ತದೆ. ಮುಂಬಯಿ, ಬೆಂಗಳೂರುಗಳಲ್ಲಿ ಹೋಟೆಲು ಇಟ್ಟುಕೊಂಡು, ಊರಿನ ಮನೆಗೆ ಬೀಗ ಹಾಕಿ, ವರ್ಷಕ್ಕೊಮ್ಮೆ ಜಾತ್ರೆಗೋ ನೇಮಕ್ಕೋ ಬರುವ ಕುಟುಂಬಗಳು ಇಲ್ಲಿ ಬಹಳ. ಅಂಥ ಮನೆಗಳ ವಾಷಿಂಗ್ ಮೆಷಿನ್ನು ತಿರುಗಿ ಸವೆದದ್ದಲ್ಲ, ನಿಂತು ಸವೆದದ್ದು. ಅಡಿಯ ತಗಡು ಕೈಗೆ ಪುಡಿಯಾಗಿ ಬರುತ್ತದೆ, ಸ್ಕ್ರೂಗಳು ತುಕ್ಕು ಹಿಡಿದು ತಿರುಗುವುದಿಲ್ಲ. ಬಿಚ್ಚುವುದಾದರೆ ಹಾಳಾದ ವರ್ಷವೇ ಬಿಚ್ಚಬೇಕು.

ಇಷ್ಟು ಹೇಳಿದೆನಾದರೂ ಕಿಲೋ ಲೆಕ್ಕವೇ ಮೊದಲ ಲೆಕ್ಕವಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ತೂಕಕ್ಕೆ ಹಾಕುವುದು ಯಾವ ವಸ್ತುವಿಗೂ ಕಟ್ಟಕಡೆಯ ಬೆಲೆ. ಅದಕ್ಕೆ ಮೊದಲು ಎರಡು ಬೆಲೆಗಳಿವೆ: ರಿಪೇರಿಯಾಗಿ ಓಡುವ ವಸ್ತುವಿನ ಬೆಲೆ, ಬಿಡಿಭಾಗದ ಬೆಲೆ. ಬಿಚ್ಚಬೇಕೆಂದು ಅಟ್ಟದಿಂದ ಇಳಿಸಿದ ಫ್ಯಾನನ್ನು ಒಮ್ಮೆ ಪೇಟೆಯ ಮೆಕ್ಯಾನಿಕ್ಕಿಗೆ ತೋರಿಸಿ. “ಇದ್ಕೆ ಎಂತದೂ ಆಯ್ಲಿಲ್ಲ ಮಾರ್ರೆ, ಕಂಡೆನ್ಸರ್ ಹೋಯಿತ್ತ್ ಅಷ್ಟೆ” ಎನ್ನುವುದು ಅಪರೂಪವೇನಲ್ಲ. ನಿಧಾನವಾಗಿ ತಿರುಗುವ, ಕೈಯಿಂದ ನೂಕಿದರಷ್ಟೇ ಶುರುವಾಗುವ ಫ್ಯಾನಿನ ರೋಗ ಹೆಚ್ಚಾಗಿ ಆ ಸಣ್ಣ ಕಂಡೆನ್ಸರಿನದು, ಅದಕ್ಕೆ ಬೀಳುವ ಖರ್ಚು ಹೊಸ ಫ್ಯಾನಿನ ಬೆಲೆಗಿಂತ ಎಷ್ಟೋ ಕಡಿಮೆ. ಮಿಕ್ಸಿ ನಿಂತರೆ ಸವೆದದ್ದು ಕಾರ್ಬನ್ ಬ್ರಷ್ ಇರಬಹುದು. ವಾಷಿಂಗ್ ಮೆಷಿನ್ನು ಗುಡುಗುಟ್ಟಿ ತಿರುಗದಿದ್ದರೆ ಬೆಲ್ಟು. ನೂರು ರೂಪಾಯಿಯ ಭಾಗ ಸಿಕ್ಕದೆ ಐದು ಸಾವಿರದ ಯಂತ್ರ ಕಿಲೋಗೆ ಮೂವತ್ತರಂತೆ ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ನಿಜವಾಗಿಯೂ ಸತ್ತದ್ದಾದರೂ ಅದೇ ಮೆಕ್ಯಾನಿಕ್ಕಿಗೆ ಬೇಕು. ಅವರ ಅಂಗಡಿಯ ಹಿಂದೆ ರಾಶಿ ಬಿದ್ದಿರುವ ಹಳೆಯ ಮೆಷಿನ್ನುಗಳನ್ನು ಗುಜರಿ ಎಂದು ತಿಳಿಯಬೇಡಿ, ಅದು ಅವರ ಉಗ್ರಾಣ. ಕಂಪೆನಿ ಮಾಡುವುದನ್ನೇ ನಿಲ್ಲಿಸಿದ ಮಾಡೆಲ್ಲಿನ ಬೋರ್ಡು, ನೀರು ಹೊರಹಾಕುವ ಪಂಪು, ಮಿಕ್ಸಿಯ ಜಾರು ಅಲ್ಲಿಂದಲೇ ಬರಬೇಕು. ಅಡಿಕೆ, ತೆಂಗಿನ ತೋಟವಿದ್ದವರಿಗೆ ಇದು ಹೊಸ ಮಾತೂ ಅಲ್ಲ. ಸಿಡಿಲಿಗೋ ವೋಲ್ಟೇಜಿಗೋ ಪಂಪ್‌ಸೆಟ್ಟು ಸುಟ್ಟಾಗ ಅದನ್ನು ಯಾರೂ ಗುಜರಿಗೆ ಹಾಕುವುದಿಲ್ಲ, ರಿವೈಂಡಿಂಗ್ ಅಂಗಡಿಗೆ ಒಯ್ಯುತ್ತಾರೆ. ಹಳೆಯ ತಂತಿ ತೆಗೆದು ಹೊಸದು ಸುತ್ತಿದರೆ ಮೋಟಾರು ಮತ್ತೆ ವರ್ಷಗಟ್ಟಲೆ ನೀರೆತ್ತುತ್ತದೆ. ಕೊಡುವಾಗ ಹಳೆಯ ತಂತಿಯ ತಾಮ್ರ ಯಾರಿಗೆ ಎಂದು ಕೇಳಿಕೊಳ್ಳಿ. ಅದು ನಿಮ್ಮದು.

ತೂಕದ ಬೆಲೆಗೆ ಅವಸರಪಟ್ಟರೆ ಏನು ಕಳೆದುಕೊಳ್ಳುತ್ತೇವೆ ಎಂಬುದಕ್ಕೆ ಬಚ್ಚಲುಮನೆಯ ಹಂಡೆಯೇ ಸಾಕ್ಷಿ. ಗೀಸರು ಬಂದ ಮೇಲೆ ನಮ್ಮ ಕಡೆ ಎಷ್ಟು ತಾಮ್ರದ ಹಂಡೆ, ಎಷ್ಟು ಹಿತ್ತಾಳೆಯ ಕೊಳಗ, ಎಷ್ಟು ಕಂಚಿನ ತಟ್ಟೆ ತಕ್ಕಡಿ ಹತ್ತಿತು! ಜಜ್ಜಿ ಚಪ್ಪಟೆ ಮಾಡಿಯೇ ತೂಗುತ್ತಿದ್ದರು. ಅಂಥದೇ ಹಂಡೆಯನ್ನು ಇಂದು ಅಂಗಳದಲ್ಲಿ ಅಲಂಕಾರಕ್ಕೆ ಇಡಲು ಜನ ಹುಡುಕಿಕೊಂಡು ಹೋಗುತ್ತಾರೆ. ಪಾತ್ರೆಗೆ ಆದದ್ದೇ ಮನೆಗಳಿಗೂ ಆಯಿತು. ಹಳೆಯ ಚೌಕಿಮನೆಗಳನ್ನು ಬಿಚ್ಚಿ, ಮರವನ್ನು ಮರದ ಬೆಲೆಗೆ ಮಾರುತ್ತಿದ್ದ ಕಾಲದಲ್ಲಿ ವಿಜಯನಾಥ ಶೆಣೈಯವರು ಮಾತ್ರ ಅವನ್ನು ಮನೆಯಾಗಿಯೇ ಕಂಡರು. ಕುಂದಾಪುರ ಕಡೆಯ ಹರ್ಕೂರು ಒಳಗಿನಮನೆ ಇಂದು ಮಣಿಪಾಲದಲ್ಲಿ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ನಿಂತಿದೆ. ಅವರೂ ಬಿಚ್ಚಿದರು, ಆದರೆ ಮತ್ತೆ ಜೋಡಿಸಲು ಬಿಚ್ಚಿದರು. ಎರಡು ಬಗೆಯ ಬಿಚ್ಚುವಿಕೆಗೂ ಇರುವ ಅಂತರ ಎಷ್ಟೆಂದು ಅಲ್ಲಿಗೆ ಹೋದವರಿಗೆ ತಿಳಿಯುತ್ತದೆ.

ದೊಡ್ಡ ಯಂತ್ರದ ಕಥೆ ಬ್ರಹ್ಮಾವರದಲ್ಲಿದೆ. ಅಲ್ಲಿನ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ನಂಬಿ ನಮ್ಮ ರೈತರು ಭತ್ತದ ಗದ್ದೆಯಲ್ಲಿ ಕಬ್ಬು ನಟ್ಟಿದ್ದರು. ಕಾರ್ಖಾನೆ ನಿಂತಿತು, ಮತ್ತೆ ಶುರುವಾದೀತು ಎಂದು ವರ್ಷಗಟ್ಟಲೆ ಕಾದರು. ಕೊನೆಗೆ ಯಂತ್ರಗಳು ಗುಜರಿಗೆ ಹೋದವು, ಆ ಮಾರಾಟದ ಲೆಕ್ಕ ಕೇಳಿ ರೈತ ಸಂಘದವರು ಧರಣಿ ಕೂತರು. ಒಂದು ಕಾರ್ಖಾನೆ ಕಬ್ಬು ಅರೆಯುವ ಬದಲು ತೂಕಕ್ಕೆ ಬಿದ್ದರೆ, ಸಿಕ್ಕುವ ಹಣ ಎಷ್ಟೇ ದೊಡ್ಡದಿರಲಿ, ಹೋದದ್ದು ಅದಕ್ಕಿಂತ ದೊಡ್ಡದು.

ಇನ್ನು, ಯಾವ ಬೆಲೆ ಬರುವುದಿದ್ದರೂ ಮನೆಯಲ್ಲಿ ಬಿಚ್ಚಬಾರದವು. ಮೊದಲನೆಯದು ಫ್ರಿಜ್ಜು. ಅದರ ಕಂಪ್ರೆಸರಿನಲ್ಲಿ ತಾಮ್ರ ಇದೆ ಎಂಬುದು ಎಲ್ಲರಿಗೂ ಗೊತ್ತು, ಹಾಗಾಗಿಯೇ ಹಿಂದಿನ ಕೊಳವೆಯನ್ನು ಕಚಕ್ಕನೆ ಕತ್ತರಿಸುತ್ತಾರೆ. ‘ಸುಂಯ್’ ಎಂದು ಹೋಗುವ ಗಾಳಿ ಬರೀ ಗಾಳಿಯಲ್ಲ. ಎಂಬತ್ತು, ತೊಂಬತ್ತರ ದಶಕದ ಫ್ರಿಜ್ಜುಗಳಲ್ಲಿ ಇದ್ದದ್ದು ಆರ್-12 ಎಂಬ ಅನಿಲ. ಓಜೋನ್ ಪದರವನ್ನು ತಿನ್ನುತ್ತದೆ ಎಂದು 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಜಗತ್ತೇ ಸೇರಿ ನಿಲ್ಲಿಸಲು ತೀರ್ಮಾನಿಸಿದ ಗುಂಪಿನದು. ಭೂಮಿಯನ್ನು ಬಿಸಿಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿನ ಹತ್ತು ಸಾವಿರ ಪಟ್ಟು. ನೂರು ಗ್ರಾಂ ಹೊರಹೋದರೆ ಒಂದು ಟನ್ ಹೊಗೆ ಬಿಟ್ಟ ಹಾಗೆ. ಆಮೇಲೆ ಬಂದ ಆರ್-134ಎ ಓಜೋನಿಗೆ ತೊಂದರೆ ಕೊಡದಿದ್ದರೂ ಸಾವಿರ ಪಟ್ಟಿಗಿಂತ ಹೆಚ್ಚು ಬಿಸಿಯದು. ಈಗಿನ ಹೊಸ ಫ್ರಿಜ್ಜುಗಳಲ್ಲಿರುವ ಆರ್-600ಎ ಬೆಂಕಿ ಹಿಡಿಯುವಂಥದ್ದು, ಗ್ಯಾಸ್ ಕಟ್ಟರ್ ಹಚ್ಚಿದರೆ ಕತ್ತರಿಸುವವರ ಮುಖಕ್ಕೇ ಅಪಾಯ. ಕಂಪ್ರೆಸರಿನ ಕಬ್ಬಿಣದ ಚಿಪ್ಪು ಮನೆಯ ಹತ್ಯಾರಿಗೆ ಬಗ್ಗುವುದೂ ಇಲ್ಲ. ಫ್ರಿಜ್ಜನ್ನು ಇಡಿಯಾಗಿಯೇ ಕೊಡಬೇಕು.

ಹಳೆಯ ಟೀವಿಯ ಗಾಜಿನಲ್ಲಿ ಸೀಸ ಇದೆ. ಕತ್ತಿನ ಬಳಿ ಸುತ್ತಿದ ತಾಮ್ರದ ಕಾಯಿಲಿಗಾಗಿ ಅದನ್ನು ಒಡೆದು, ಗಾಜನ್ನು ಹೊಳೆಬದಿಗೆ ಸುರಿದುಹೋಗುವುದುಂಟು. ಐದು ನದಿ ಕೂಡುವ ಪಂಚಗಂಗಾವಳಿಯ ಅಳಿವೆಯಲ್ಲಿ ಚಿಪ್ಪುಮೀನು ಹೆಕ್ಕಿ ಬದುಕುವವರಿದ್ದಾರೆ, ಹೆಕ್ಕಿದ್ದನ್ನು ತಿನ್ನುವವರು ನಾವೇ. ಮೈಕ್ರೋವೇವ್ ಒಲೆಯ ಕೆಪ್ಯಾಸಿಟರ್ ಪ್ಲಗ್ಗು ತೆಗೆದ ಮೇಲೂ ಜೀವ ತೆಗೆಯುವಷ್ಟು ವಿದ್ಯುತ್ತು ಹಿಡಿದಿಟ್ಟಿರಬಹುದು. ಇನ್ವರ್ಟರ್ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ, ಉಳಿದದ್ದರಲ್ಲಿ ಗಂಧಕಾಮ್ಲ. ಹೊಸ ಬ್ಯಾಟರಿ ಕೊಳ್ಳುವಾಗ ಅಂಗಡಿಯವರು ಹಳೆಯದಕ್ಕೆ ಒಳ್ಳೆಯ ಬೆಲೆ ಹಿಡಿದು ತೆಗೆದುಕೊಳ್ಳುತ್ತಾರೆ. ಆ್ಯಸಿಡ್ಡನ್ನು ಬಾವಿಯ ಹತ್ತಿರ ಚೆಲ್ಲಿ ಸೀಸ ಮಾರಲು ಹೋಗುವವರಿಗೆ ಇದನ್ನು ದಯವಿಟ್ಟು ತಿಳಿಸಿ.

ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು ವಯರು ಸುಡುವುದು. ಹಿತ್ತಲಿನಲ್ಲಿ ತೆಂಗಿನ ಗರಿ ಒಟ್ಟಿ, ಮೇಲೆ ವಯರಿನ ರಾಶಿ ಹಾಕಿ ಬೆಂಕಿ ಕೊಟ್ಟರೆ ಪ್ಲಾಸ್ಟಿಕ್ ಸುಟ್ಟು ತಾಮ್ರ ಉಳಿಯುತ್ತದೆ, ನಿಜ. ಆದರೆ ಆ ಕಪ್ಪು ಹೊಗೆಯಲ್ಲಿ ಆಮ್ಲವೂ ಇದೆ, ಡಯಾಕ್ಸಿನ್ ಎಂಬ ವಿಷವೂ ಇದೆ. ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಎಲೆಕ್ಟ್ರಾನಿಕ್ ಕಸ ಸುಟ್ಟು ಲೋಹ ತೆಗೆಯುವ ಕೆಲಸದಿಂದ ರಾಮಗಂಗಾ ನದಿಯ ದಂಡೆ ಬೂದಿಯಿಂದ ಕಪ್ಪಾಯಿತು. ಸುಟ್ಟ ತಾಮ್ರಕ್ಕೆ ಅಂಗಡಿಯಲ್ಲಿ ಬೆಲೆಯೂ ಕಡಿಮೆ. ಚೂರಿಯಿಂದ ಸುಲಿದ, ಹೊಳೆಯುವ ತಂತಿಗೇ ಪೂರ್ತಿ ದರ.

ಇಡಿಯಾಗಿ ಕೊಡುವುದಾದರೆ ಎಲ್ಲಿಗೆ? 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಇ-ತ್ಯಾಜ್ಯ ನಿಯಮದಲ್ಲಿ ಹಳೆಯ ವಸ್ತುವಿನ ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಹೊಸ ಫ್ರಿಜ್ಜು ಕೊಳ್ಳುವಾಗ ಹಳೆಯದನ್ನು ಅಂಗಡಿಯವರೇ ಒಯ್ಯಬೇಕೆಂದು ಪಟ್ಟುಹಿಡಿದು ಕೇಳಿ. ಅಧಿಕೃತವಾಗಿ ಬಿಚ್ಚುವವರು ಕರ್ನಾಟಕದಲ್ಲಿ ಇಲ್ಲದಿಲ್ಲ, ಬೆಂಗಳೂರಿನ ಆಚೆ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಸಂಸ್ಥೆ 2005ರಿಂದ ಈ ಕೆಲಸದಲ್ಲಿದೆ. ಆದರೆ ಬೈಂದೂರಿನ ಒಂದು ಕೆಟ್ಟ ಟೀವಿ ತಾನಾಗಿ ಅಲ್ಲಿಗೆ ಹೋಗುವುದಿಲ್ಲ. ನಡುವೆ ಒಂದು ಕೈ ಬೇಕು. ಕುಂದಾಪುರ ತಾಲೂಕಿನ ವಂಡ್ಸೆ ಗ್ರಾಮ ಪಂಚಾಯತ್ ಮನೆಮನೆಯ ಕಸವನ್ನು ವಿಂಗಡಿಸಿ ಮಾರುವ ಘಟಕ ನಡೆಸಿ, ಹಳ್ಳಿಯೂ ಇದನ್ನು ಮಾಡಬಹುದೆಂದು ತೋರಿಸಿತು. ಹಸಿ ಕಸ, ಒಣ ಕಸದ ಗಾಡಿ ಈಗ ಊರೂರಿಗೆ ಬರುತ್ತಿದೆ. ಅದೇ ಗಾಡಿ ಮಳೆಗಾಲಕ್ಕೆ ಮೊದಲು ಒಂದು ದಿನ ಫ್ರಿಜ್ಜು, ಟೀವಿ, ಟ್ಯೂಬ್‌ಲೈಟುಗಳನ್ನಷ್ಟೇ ಎತ್ತಿಕೊಂಡು ಹೋಗಿ, ಅಧಿಕೃತರಿಗೆ ತಲುಪಿಸುವ ಏರ್ಪಾಡು ಮಾಡಬಾರದೇಕೆ? ಮುಂದಿನ ಗ್ರಾಮಸಭೆಗೆ ಹೋದಾಗ ಈ ಒಂದು ಮಾತನ್ನು ಎದ್ದುನಿಂತು ಕೇಳಿ. ಫ್ಯಾನನ್ನು ಬೇಕಾದರೆ ಮನೆಯಲ್ಲೇ ಬಿಚ್ಚಿ, ಮೆಕ್ಯಾನಿಕ್ಕಿಗೆ ತೋರಿಸಿದ ಮೇಲೆ.