ವಾರೀಸುದಾರರು ಓದಬಲ್ಲ ಲೆಕ್ಕ

ಶಅಬಾನ್ ತಿಂಗಳು ಕಾಲಿಟ್ಟಿತೆಂದರೆ, ಮಕ್ಕಳನ್ನು ಕರೆದೊಯ್ಯಲು ಅಕ್ಕಿಪೇಟೆಯ ನಮ್ಮ ಮದ್ರಸಾದ ಬಾಗಿಲಿಗೆ ಬರುವ ಹೆತ್ತವರ ಪ್ರಶ್ನೆಗಳು ಬದಲಾಗುತ್ತವೆ. ಝಕಾತ್ ಎಷ್ಟಾಗುತ್ತದೆ, ಯಾವ ದಿನದಿಂದ ಎಣಿಸಬೇಕು, ಕೊಟ್ಟ ಕೈಸಾಲವನ್ನು ಸೇರಿಸಬೇಕೇ ಬಿಡಬೇಕೇ ಎಂಬವು ಹಳೆಯ ಪ್ರಶ್ನೆಗಳು. ಈಚಿನ ನಾಲ್ಕೈದು ವರ್ಷಗಳಿಂದ ಅವುಗಳ ಬೆನ್ನಿಗೆ ಇನ್ನೊಂದು ಸೇರಿಕೊಂಡಿದೆ: "ಹಜ್ರತ್, ಮನೆಯ ಲೆಕ್ಕಕ್ಕೆ ಯಾವ ಆ್ಯಪ್ ಇಟ್ಟುಕೊಳ್ಳಲಿ?" ಅರಬಿ ವ್ಯಾಕರಣವನ್ನೂ ಕನ್ನಡವನ್ನೂ ಓದಿದ ನಮಗೆ ಇದು ವಿಷಯದ ಹೊರಗಿನ ಪ್ರಶ್ನೆಯೆಂದು ಕೆಲವರು ಭಾವಿಸಬಹುದು. ನಮಗೆ ಹಾಗೆ ತೋರುವುದಿಲ್ಲ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವು ಅಲ್‌ಬಕರಃ ಅಧ್ಯಾಯದ 282ನೆಯದು. ಅದರ ವಿಷಯ ಸಾಲವನ್ನು ಬರೆದಿಡುವುದು. ಸಾಲ ಪಡೆದವನೇ ಹೇಳಿ ಬರೆಸಬೇಕೆಂದೂ, ಬರೆಯುವವನು ನ್ಯಾಯವಾಗಿ ಬರೆಯಬೇಕೆಂದೂ, ಮೊತ್ತ ಚಿಕ್ಕದೆಂದು ಬೇಸರಪಡಬಾರದೆಂದೂ ಅಲ್ಲಿ ಆದೇಶವಿದೆ. ಆ ಬರಹ ಯಾವುದರ ಮೇಲೆ ಉಳಿಯುತ್ತದೆ ಎಂಬುದನ್ನು ಯೋಚಿಸುವುದೂ ಆದೇಶಪಾಲನೆಯ ಭಾಗವೇ ಅಲ್ಲವೇ?

ನಾವು ವಾಸಿಸುವ ಪೇಟೆಗೆ ಲೆಕ್ಕ ಹೊಸದಲ್ಲ. ಅಕ್ಕಿಪೇಟೆ, ಅರಳೆಪೇಟೆ, ಬಳೆಪೇಟೆ, ರಾಗಿಪೇಟೆ, ತರಗುಪೇಟೆ ಎಂದು ಮಾರುವ ಸರಕಿನ ಹೆಸರನ್ನೇ ಹೊತ್ತ ಬೀದಿಗಳಿವು. ಹಿಂದೆ ಈ ನಾಡಿನ ವರ್ತಕರು ಲೆಕ್ಕ ಬರೆಯುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದಾಗಿತ್ತು. ಇಂದು ಕಂಪ್ಯೂಟರಿನ ಫೈಲಿಗೆ ಕನ್ನಡದಲ್ಲಿ ಕಡತವೆಂದೇ ಹೆಸರು. ಲೆಕ್ಕದ ಮಾತುಗಳನ್ನು ನೋಡಿದರೂ ಜಮಾ, ಬಾಕಿ, ವಸೂಲಿ ಅರಬಿಯಿಂದ ಬಂದವು. ಖರ್ಚು, ರಸೀದಿ ಪಾರಸಿಯಿಂದ ಬಂದವು. ಕನ್ನಡದ ಅಂಗಡಿಗಳಲ್ಲಿ ಅವು ಶತಮಾನಗಳಿಂದ ಮನೆಯ ಮಕ್ಕಳಂತೆ ಓಡಾಡಿಕೊಂಡಿವೆ. ಕನ್ನಡ ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳ ಮುಖದಲ್ಲಿ ಮೂಡುವ ಸಂತೋಷವನ್ನು ನೋಡಬೇಕು.

ನಮ್ಮ ತಂದೆಯವರು 2011ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ವಸ್ತುಗಳಲ್ಲಿ ರಟ್ಟಿನ ಹೊದಿಕೆಯ ಒಂದು ನೋಟುಪುಸ್ತಕವಿತ್ತು. ಉರ್ದುವಿನಲ್ಲಿ ಬರೆದ ಹನ್ನೊಂದು ಹೆಸರುಗಳು, ಎದುರಿಗೆ ಕೊಟ್ಟದ್ದು ಅಥವಾ ತಂದದ್ದು, ತಾರೀಖು. ಆಸ್ತಿಯನ್ನು ವಾರೀಸುದಾರರು ಹಂಚಿಕೊಳ್ಳುವ ಮೊದಲು ಮೃತರ ಸಾಲ ತೀರಬೇಕು. ಇದರಲ್ಲಿ ಯಾವ ಮದ್‌ಹಬ್‌ಗೂ ಭಿನ್ನಾಭಿಪ್ರಾಯವಿಲ್ಲ. ಹತ್ತು ಹೆಸರುಗಳು ಒಂದೇ ತಿಂಗಳಲ್ಲಿ ಇತ್ಯರ್ಥವಾದವು. ಹನ್ನೊಂದನೆಯದು ಅಕ್ಕಿ ವ್ಯಾಪಾರದ ಶೆಟ್ಟರೊಬ್ಬರದು. ನಮ್ಮ ಅಕ್ಕನ ಮದುವೆಗೆ ತಂದ ಅಕ್ಕಿಯ ಬಾಬತ್ತು 18,500 ರೂಪಾಯಿ ಬಾಕಿಯೆಂದು ಬರೆದಿತ್ತು. ಅವರ ಅಂಗಡಿ ನಮ್ಮ ಬೀದಿಯಿಂದ ಎತ್ತಿಹೋಗಿ ಬಹಳ ವರ್ಷಗಳಾಗಿದ್ದವು. ವಿಚಾರಿಸುತ್ತ ವಿಚಾರಿಸುತ್ತ ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಅವರ ಮಗನನ್ನು ಕಂಡೆವು. ಶೆಟ್ಟರೂ ಆಗಲೇ ತೀರಿಹೋಗಿದ್ದರು. ಮಗ ಕೊಂಚ ಹೊತ್ತು ಸುಮ್ಮನಿದ್ದು, "ನಮ್ಮ ಕಡೆ ಯಾವ ಬರಹವೂ ಉಳಿದಿಲ್ಲ ಸಾಬರೇ. ನಿಮ್ಮ ತಂದೆ ಬರೆದಿಟ್ಟಿದ್ದಾರೆಂದರೆ ಅದೇ ಸರಿ," ಎಂದರು. ಹಣವನ್ನು ಎಣಿಸದೆ ಗಲ್ಲಾಪೆಟ್ಟಿಗೆಗೆ ಹಾಕಿಕೊಂಡರು.

ತಂತ್ರಾಂಶವನ್ನು ಆರಿಸುವಾಗ ನಾವು ಕೇಳಿಕೊಂಡ ಮೊದಲ ಪ್ರಶ್ನೆ ಆ ನೋಟುಪುಸ್ತಕದಿಂದಲೇ ಬಂತು. ನಾವು ನಾಳೆ ಇಲ್ಲವಾದರೆ, ಈ ಲೆಕ್ಕವನ್ನು ನಮ್ಮ ಮಕ್ಕಳು ತೆರೆದು ಓದಬಲ್ಲರೇ? ಬಣ್ಣಬಣ್ಣದ ಚಿತ್ರಪಟಗಳು, ತಿಂಗಳ ಖರ್ಚಿನ ವೃತ್ತಾಕಾರದ ನಕ್ಷೆಗಳು ಇವೆಲ್ಲ ಆಮೇಲಿನ ಮಾತು.

ಈ ಪ್ರಶ್ನೆ ಅತಿ ಎಚ್ಚರದ್ದೆಂದು ತೋರಿದರೆ ಹೊರದೇಶದ ಒಂದು ಉದಾಹರಣೆಯನ್ನು ಗಮನಿಸಬಹುದು. ಅಮೆರಿಕದಲ್ಲಿ ಇಂಟ್ಯೂಟ್ ಸಂಸ್ಥೆ 1983ರಲ್ಲಿ ಹುಟ್ಟಿ, ಕ್ವಿಕನ್ ಎಂಬ ಮನೆಲೆಕ್ಕದ ತಂತ್ರಾಂಶವನ್ನು ಮನೆಮನೆಗೆ ತಲುಪಿಸಿತು. ಅದಕ್ಕೆ ಸ್ಪರ್ಧಿಯಾಗಿ ಮೈಕ್ರೋಸಾಫ್ಟ್ 1991ರಲ್ಲಿ ಮನಿ ಎಂಬುದನ್ನು ತಂದು, 2009ರಲ್ಲಿ ಅದರ ಮಾರಾಟವನ್ನು ನಿಲ್ಲಿಸಿತು. ಜಗತ್ತಿನ ಅತಿ ದೊಡ್ಡ ತಂತ್ರಾಂಶ ಸಂಸ್ಥೆಯೇ ಹದಿನೆಂಟು ವರ್ಷಗಳಲ್ಲಿ ಅಂಗಡಿಯ ಬಾಗಿಲೆಳೆಯಿತು. ಗೃಹಸಾಲ ಇಪ್ಪತ್ತು ವರ್ಷದ್ದಿರುತ್ತದೆ, ಮಹರಿನ ಬಾಕಿ ಕೆಲವೊಮ್ಮೆ ನಲವತ್ತು ವರ್ಷದ್ದು.

ನಮ್ಮ ಊರಿನದೇ ಆದ ಒಂದು ತಂತ್ರಾಂಶವೂ ಇದೆಯಲ್ಲವೇ ಎಂದು ಓದುಗರು ಕೇಳಬಹುದು. ಟ್ಯಾಲಿ ಬೆಂಗಳೂರಿನದು. ಗಿರಣಿಗಳಿಗೆ ಯಂತ್ರದ ಭಾಗಗಳನ್ನು ಒದಗಿಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ವ್ಯವಹಾರದ ಲೆಕ್ಕಕ್ಕೆ ಹೊಂದುವ ತಂತ್ರಾಂಶ ದೊರೆಯದೆ, ಮಗ ಭರತ್ ಗೋಯೆಂಕಾ ಅವರಿಗೆ ಒಂದನ್ನು ಬರೆಯಲು ಹೇಳಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಹೆಸರಿನಲ್ಲಿ ಆರಂಭವಾದ ಆ ಸಂಸ್ಥೆಯೇ ಇಂದಿನ ಟ್ಯಾಲಿ ಸೊಲ್ಯೂಷನ್ಸ್. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ದೊರೆಯಿತು. ಅಕ್ಕಿಪೇಟೆಯ ಸಗಟು ಅಂಗಡಿಗಳಲ್ಲಿ ಗುಮಾಸ್ತರಾಗಿರುವ ನಮ್ಮ ಹುಡುಗರಲ್ಲಿ ಎಷ್ಟೋ ಮಂದಿಗೆ ಅನ್ನ ಕೊಟ್ಟಿರುವುದು ಟ್ಯಾಲಿಯ ಅಭ್ಯಾಸವೇ. ಆದರೆ ಅದು ಅಂಗಡಿಗಾಗಿ ಕಟ್ಟಿದ್ದು. ಸರಕು, ಜಿಎಸ್‌ಟಿ, ಬಿಲ್ಲು ಅದರ ಜೀವಾಳ. ಮನೆಗೆ ಅಷ್ಟು ಬೆಲೆ ತೆರುವುದು ಹೆಚ್ಚಾಗುತ್ತದೆ. ಹಣ ಕೊಡದೆ ಕಲಿಕೆಯ ಕ್ರಮದಲ್ಲಿ ಬಳಸೋಣವೆಂದರೆ ತಿಂಗಳ ಒಂದು, ಎರಡು ಮತ್ತು ಕೊನೆಯ ತಾರೀಖಿಗೆ ಮಾತ್ರ ನಮೂದು ಮಾಡಲು ಬಿಡುತ್ತದೆ. ಹಾಲಿನವನಿಗೆ ಹದಿನೇಳನೆಯ ತಾರೀಖು ಕೊಟ್ಟದ್ದನ್ನು ಎಲ್ಲಿ ಬರೆಯುವುದು!

ಬೀಗ ಮುರಿದ ನಕಲು ಪ್ರತಿಯನ್ನು ಹಾಕಿಸಿಕೊಳ್ಳುವವರೂ ಉಂಟು. ಇದರಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ. ಕೃತಿಸ್ವಾಮ್ಯ, ವ್ಯಾಪಾರದ ಹೆಸರು, ಆವಿಷ್ಕಾರದ ಹಕ್ಕು ಇವು ಶರೀಅತ್ ರಕ್ಷಿಸುವ ಹಕ್ಕುಗಳೆಂದು ಜಿದ್ದಾದ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿ 1988ರಲ್ಲಿ ಕುವೈತಿನಲ್ಲಿ ನಡೆದ ತನ್ನ ಐದನೆಯ ಅಧಿವೇಶನದಲ್ಲಿಯೇ ನಿರ್ಣಯಿಸಿದೆ. ಝಕಾತಿನ ಲೆಕ್ಕವನ್ನು ಕದ್ದ ತಂತ್ರಾಂಶದಲ್ಲಿ ಮಾಡುವುದು ವಿಚಿತ್ರ ಭಕ್ತಿಯಾದೀತು.

ಇನ್ನು ಫೋನಿನ ಆ್ಯಪ್‌ಗಳು. ಅವುಗಳಲ್ಲಿ ಬಹಳಷ್ಟು ಬ್ಯಾಂಕಿನಿಂದ ಬರುವ ಎಸ್‌ಎಂಎಸ್‌ಗಳನ್ನು ತಾವೇ ಓದಿ ಖರ್ಚನ್ನು ವಿಂಗಡಿಸುತ್ತವೆ. ಅನುಕೂಲವೇ. ಆದರೆ ನಗದನ್ನು ಅವು ಕಾಣುವುದಿಲ್ಲ. ನಮ್ಮ ಬೀದಿಯಲ್ಲಿ ಚೀಟಿಯ ಕಂತು, ಕೂಲಿ, ಸದಕಾ ಇವೆಲ್ಲ ಇನ್ನೂ ಬಹುಮಟ್ಟಿಗೆ ನಗದೇ. ಉಚಿತವಾದ ಕೆಲವು ಆ್ಯಪ್‌ಗಳು ನಮ್ಮ ಖರ್ಚನ್ನು ಅಳೆದುನೋಡಿ, ತಿಂಗಳ ಕೊನೆಗೆ ಕೈ ಬರಿದಾಗುವ ಹೊತ್ತಿಗೆ ಸರಿಯಾಗಿ ಬಡ್ಡಿಸಾಲದ ಜಾಹೀರಾತನ್ನು ಕಣ್ಣೆದುರು ಹಿಡಿಯುತ್ತವೆ. ಜಮಾಖರ್ಚಿನ ಪುಸ್ತಕವೇ ಸಾಲಕ್ಕೆ ಕರೆಯುವುದನ್ನು ನಮ್ಮ ತಂದೆಯವರು ಕಂಡಿದ್ದರೆ ಏನೆನ್ನುತ್ತಿದ್ದರೋ.

ನಾವು ಕೊನೆಗೆ ನೆಚ್ಚಿದ್ದು ಗ್ನೂಕ್ಯಾಶ್ ಎಂಬ ಮುಕ್ತ ತಂತ್ರಾಂಶವನ್ನು. ಅದಕ್ಕೆ ಹಣ ಕೊಡಬೇಕಿಲ್ಲ, ನಕಲು ಮಾಡಿಕೊಳ್ಳುವುದು ನ್ಯಾಯಸಮ್ಮತ, ಲೆಕ್ಕ ನಮ್ಮ ಯಂತ್ರದಲ್ಲಿಯೇ ಇರುತ್ತದೆ. ಕನ್ನಡ ಅನುವಾದವೂ ಇದೆ. ಕೆಲವು ಪದಗಳು ನಿಘಂಟಿನಿಂದ ನೇರ ಎದ್ದು ಬಂದಂತಿದ್ದರೂ ಖಾತೆಗಳ ಹೆಸರನ್ನು ನಮಗೆ ಬೇಕಾದಂತೆ ಕನ್ನಡದಲ್ಲಿ ಬರೆದುಕೊಳ್ಳಬಹುದು. ಅದರ ಕ್ರಮ ಜೋಡಿ ನಮೂದಿನದು. ಪ್ರತಿಯೊಂದು ಮೊತ್ತವೂ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬ ಎರಡನ್ನೂ ಹೇಳಲೇಬೇಕು. 1494ರಲ್ಲಿ ಲೂಕಾ ಪಾಚೋಲಿ ವೆನಿಸಿನಲ್ಲಿ ಮುದ್ರಿಸಿದ ಪುಸ್ತಕದಲ್ಲಿ ವಿವರಿಸಿದ ಪದ್ಧತಿಯಿದು. ಮೊದಲ ಎರಡು ತಿಂಗಳು ಕಷ್ಟವೆನಿಸುತ್ತದೆ. ಬಿಕಾಂ ಓದುತ್ತಿದ್ದ ಮಗಳು ಪಕ್ಕದಲ್ಲಿ ಕುಳಿತು ಕಲಿಸಿದ್ದರಿಂದ ನಮಗೆ ಸುಲಭವಾಯಿತು.

ಕಲಿಸಿದ್ದಷ್ಟೇ ಅಲ್ಲ, ತಿದ್ದಿದಳು ಕೂಡ. ಎಲ್ಲ ಮನೆಲೆಕ್ಕದ ತಂತ್ರಾಂಶಗಳಂತೆ ಇದೂ ಉಳಿತಾಯ ಖಾತೆಯ ಬಡ್ಡಿಯನ್ನು ಆದಾಯದ ಕೆಳಗೆ ಇಟ್ಟುಕೊಂಡೇ ಬರುತ್ತದೆ. "ಅಬ್ಬಾ, ಇದು ನಮ್ಮ ಆದಾಯವೇ ಅಲ್ಲವಲ್ಲ. ನಾವು ಹೊರಗೆ ಕೊಡಬೇಕಾದ ಹಣ. ಇದು ಹೊಣೆಯ ಪಟ್ಟಿಗೆ ಹೋಗಬೇಕು," ಎಂದಳು. ಲೆಕ್ಕಶಾಸ್ತ್ರದ ಮಾತೂ ಹೌದು, ಫಿಕ್‌ಹಿನ ಮಾತೂ ಹೌದು. ಅಂದಿನಿಂದ ಬಡ್ಡಿ ಬಂದ ದಿನವೇ ಅದು 'ವಿಲೇವಾರಿಯಾಗಬೇಕಾದದ್ದು' ಎಂಬ ಖಾತೆಗೆ ಸೇರುತ್ತದೆ. ಉಲಮಾಗಳು ಹೇಳಿದಂತೆ ಪುಣ್ಯದ ಆಸೆಯಿಲ್ಲದೆ ಬಡವರಿಗೆ ಹೋದಾಗ ಖಾತೆ ಸೊನ್ನೆಯಾಗುತ್ತದೆ. ಅಮಾನತ್ತಿನ ಹಣವೂ ಅದೇ ಪಟ್ಟಿಯಲ್ಲಿದೆ. ನೆರೆಯ ವಿಧವೆಯೊಬ್ಬರು ಮಗಳ ಮದುವೆಗೆಂದು ನಮ್ಮಲ್ಲಿಟ್ಟಿರುವ ಹಣ ನಮ್ಮ ಬ್ಯಾಂಕ್ ಖಾತೆಯಲ್ಲಿರಬಹುದು, ಆದರೆ ಅದು ನಮ್ಮದಲ್ಲವೆಂದು ಪುಸ್ತಕವೇ ಹೇಳುತ್ತದೆ.

ಇನ್ನೊಂದು ತಿದ್ದುಪಡಿ ನಮ್ಮ ಮನೆಯವರದು. ಆ್ಯಪ್‌ಗಳು ಕುಟುಂಬವೆಂದರೆ ಒಂದೇ ಥೈಲಿಯೆಂದು ಭಾವಿಸುತ್ತವೆ. ಶರೀಅತ್ತಿನಲ್ಲಿ ಹಾಗಿಲ್ಲ. ಹೆಂಡತಿಯ ಮಹರ್, ತವರಿನಿಂದ ಬಂದ ಚಿನ್ನ, ಅವರ ಹೊಲಿಗೆಯ ಸಂಪಾದನೆ ಅವರದೇ. ಝಕಾತೂ ಅವರದು ಬೇರೆ, ನಮ್ಮದು ಬೇರೆ. "ನನ್ನ ಪುಸ್ತಕ ನನಗೆ ಪ್ರತ್ಯೇಕ ಇರಲಿ. ಅದರ ಪಾಸ್‌ವರ್ಡ್ ನನ್ನ ಹತ್ತಿರವೇ ಇರಲಿ," ಎಂದರು. ಆದ್ದರಿಂದ ನಮ್ಮ ಮನೆಯಲ್ಲಿ ಎರಡು ಕಡತಗಳು. ಅವರ ಚಿನ್ನ ಗ್ರಾಂ ಲೆಕ್ಕದಲ್ಲಿದೆ. ವರ್ಷಕ್ಕೊಮ್ಮೆ ಬೆಲೆಯನ್ನು ಮಾತ್ರ ಹೊಸದಾಗಿ ಬರೆದರೆ ಸಾಕು. ಹನಫಿಗಳಾದ ನಮಗೆ ತೊಡುವ ಒಡವೆಗೂ ಝಕಾತ್ ಇದೆ. ಕರಾವಳಿಯ ಶಾಫಿಈ ಬಂಧುಗಳಿಗೆ ವಾಡಿಕೆಯಾಗಿ ತೊಡುವ ಒಡವೆಗೆ ಇಲ್ಲ. ಅವರು ಈ ಖಾತೆಯನ್ನು ಬೇರೆಯಾಗಿ ಇಟ್ಟುಕೊಳ್ಳಲಿ.

ಹಿಜರಿ ವರ್ಷವನ್ನು ಮಾತ್ರ ತಂತ್ರಾಂಶಕ್ಕೆ ಬಿಡಲಾಗದು. ಲೆಕ್ಕದ ತಂತ್ರಾಂಶಗಳಿಗೆ ಗೊತ್ತಿರುವ ವರ್ಷ ಜನವರಿಯದು ಅಥವಾ ಏಪ್ರಿಲಿನದು. ಚಾಂದ್ರವರ್ಷ ಸುಮಾರು 354 ದಿನಗಳದು. ಮೂವತ್ತಮೂರು ಸೌರವರ್ಷಗಳಲ್ಲಿ ಮೂವತ್ತನಾಲ್ಕು ಚಾಂದ್ರವರ್ಷಗಳು ಕಳೆಯುತ್ತವೆ. ಮಾರ್ಚ್ 31ನ್ನೇ ಹಿಡಿದು ಝಕಾತ್ ಕೊಡುತ್ತ ಹೋದವರಿಗೆ ಒಂದಿಡೀ ವರ್ಷದ ಝಕಾತ್ ಬಾಕಿಯಾಗುತ್ತದೆ. 2030ರಲ್ಲಿ ಜನವರಿಯಲ್ಲೊಂದು, ಡಿಸೆಂಬರಿನ ಕೊನೆಗೊಂದು, ಹೀಗೆ ಎರಡು ಸಲ ರಮಝಾನ್ ಆರಂಭವಾಗಲಿದೆಯೆಂದರೆ ವಿಷಯ ತಿಳಿದೀತು. ಸೌರವರ್ಷವನ್ನೇ ಅನುಸರಿಸಬೇಕಾದ ವ್ಯಾಪಾರಿಗಳು ಶೇಕಡ 2.5ರ ಬದಲು ಸುಮಾರು 2.577ರಂತೆ ಕೊಡುವ ಕ್ರಮವಿದೆ; ನಾಲ್ಕು ಲಕ್ಷಕ್ಕೆ 10,000ದ ಬದಲು 10,308 ರೂಪಾಯಿ. ಮನೆಯವರಿಗೆ ಇದು ಬೇಕಿಲ್ಲ. ತಮ್ಮ ಸಂಪತ್ತು ನಿಸಾಬ್ ಮುಟ್ಟಿದ ಹಿಜರಿ ದಿನಾಂಕವನ್ನು ಕಡತದ ಮೊದಲ ಖಾತೆಯ ಟಿಪ್ಪಣಿಯಲ್ಲಿ ಬರೆದಿಟ್ಟುಕೊಂಡರಾಯಿತು. ನಿಸಾಬಿನ ತೂಕವನ್ನೂ ಅಲ್ಲಿಯೇ ಬರೆಯಬಹುದು: ಏಳೂವರೆ ತೊಲ ಚಿನ್ನವೆಂದರೆ 87.48 ಗ್ರಾಂ, ಐವತ್ತೆರಡೂವರೆ ತೊಲ ಬೆಳ್ಳಿಯೆಂದರೆ 612.36 ಗ್ರಾಂ.

ಹೊಸ ಆವೃತ್ತಿಗೆ ಏರುವ ಮಾತು ಕಳೆದ ವರ್ಷ ಬಂತು. ನಮ್ಮ ಹಳೆಯ ಯಂತ್ರದಲ್ಲಿ ವಿಂಡೋಸ್ 7, ಅದರ ಮೇಲೆ ಗ್ನೂಕ್ಯಾಶ್ 2.6 ಇತ್ತು. ಯಂತ್ರ ಮುದಿಯಾಗಿ ಗೊರಗೊರ ಶಬ್ದ ಮಾಡತೊಡಗಿದಾಗ ಮಗಳ ಲ್ಯಾಪ್‌ಟಾಪಿಗೆ ಲೆಕ್ಕವನ್ನು ಸಾಗಿಸಬೇಕಾಯಿತು. ರಮಝಾನಿನ ಹತ್ತಿರ ಈ ಕೆಲಸಕ್ಕೆ ಕೈಹಾಕಬಾರದೆಂದು ಶವ್ವಾಲ್ ತಿಂಗಳವರೆಗೆ ಕಾದೆವು. ಮೊದಲು ಹಳೆಯ ಯಂತ್ರದಲ್ಲಿಯೇ ಎಲ್ಲ ಖಾತೆಗಳ ಶಿಲ್ಕನ್ನು ಮುದ್ರಿಸಿಕೊಂಡೆವು. ಕಡತದ ಪ್ರತಿಗಳನ್ನು ಎರಡು ಪೆನ್‌ಡ್ರೈವ್‌ಗಳಲ್ಲಿ ತೆಗೆದೆವು. ಒಂದನ್ನು ಮನೆಯಲ್ಲಿಟ್ಟು ಇನ್ನೊಂದನ್ನು ಅಕ್ಕನ ಮನೆಗೆ ಕಳುಹಿಸಿದೆವು. ಈ ತಂತ್ರಾಂಶದಲ್ಲಿ ಬಹಳ ಹಳೆಯ ಕಡತವನ್ನು ಒಮ್ಮೆಗೇ ಇತ್ತೀಚಿನ ಆವೃತ್ತಿಯಲ್ಲಿ ತೆರೆಯುವುದಕ್ಕಿಂತ ಮೆಟ್ಟಿಲು ಮೆಟ್ಟಿಲಾಗಿ ಏರುವುದು ಕ್ಷೇಮ. ಆದ್ದರಿಂದ 3ರ ಸರಣಿ, 4ರ ಸರಣಿ, ಆಮೇಲೆ 5 ಎಂದು ಪ್ರತಿ ಮೆಟ್ಟಿಲಲ್ಲೂ ತೆರೆದು, ಮುದ್ರಿಸಿದ ಹಾಳೆಯೊಡನೆ ತಾಳೆ ನೋಡಿ, ಉಳಿಸಿ ಮುಂದೆ ಹೋದೆವು. ಅಸರ್‌ನಿಂದ ಇಶಾವರೆಗೆ ಹಿಡಿಯಿತು. ಒಂದು ಪೈಸೆಯೂ ಏರುಪೇರಾಗಲಿಲ್ಲ.

ಬೇರೊಂದು ಆ್ಯಪ್‌ನಿಂದ ಲೆಕ್ಕವನ್ನು ತರುವವರು ತಾರೀಖಿನ ಬಗ್ಗೆ ಹೆಚ್ಚಿನ ಜಾಗ್ರತೆ ವಹಿಸಬೇಕು. ಅಮೆರಿಕದ ಕ್ರಮದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಜೂನ್ 5ರ ಸಾಲ ಮೇ 6ರದೆಂದು ಸದ್ದಿಲ್ಲದೆ ಬದಲಾಗಿಬಿಡಬಹುದು. ಹನ್ನೆರಡಕ್ಕಿಂತ ದೊಡ್ಡ ತಾರೀಖುಗಳಲ್ಲಿ ಮಾತ್ರ ಯಂತ್ರ ತಕರಾರು ತೆಗೆಯುತ್ತದೆ. ಉಳಿದವುಗಳಲ್ಲಿ ಸುಮ್ಮನೆ ಒಪ್ಪಿಕೊಳ್ಳುತ್ತದೆ. ಗಡುವು ಗೊತ್ತಾದ ಸಾಲದಲ್ಲಿ ಒಂದು ತಿಂಗಳ ವ್ಯತ್ಯಾಸ ಸಣ್ಣದಲ್ಲ.

ಈಗ ಪ್ರತಿವರ್ಷ ಶಅಬಾನಿನ ಮೊದಲ ವಾರದಲ್ಲಿ ಕೊಟ್ಟ ಸಾಲ, ತಂದ ಸಾಲ, ಅಮಾನತ್ತು ಈ ಮೂರು ಪಟ್ಟಿಗಳನ್ನು ಕನ್ನಡದಲ್ಲಿ ಮುದ್ರಿಸುತ್ತೇವೆ. ಪ್ರತಿ ಹೆಸರಿನ ಮುಂದೆ ತಂದೆಯ ಹೆಸರು, ಬೀದಿ, ಫೋನ್ ಸಂಖ್ಯೆ ಇರಬೇಕೆಂಬುದು ಯಶವಂತಪುರದಲ್ಲಿ ಅಲೆದ ಮೇಲೆ ಮಾಡಿಕೊಂಡ ನಿಯಮ. ಕಡತದ ಪಾಸ್‌ವರ್ಡ್ ಬರೆದ ಲಕೋಟೆಯೂ ಆ ಹಾಳೆಗಳೂ ವಸಿಯ್ಯತ್ತಿನ ಪತ್ರದ ಜೊತೆ ಕಬ್ಬಿಣದ ಪೆಟ್ಟಿಗೆಯಲ್ಲಿವೆ, ತಂದೆಯವರ ನೋಟುಪುಸ್ತಕದ ಮೇಲೆ. ಹಾಳೆಗಳಿಗೆ ತೂತು ಹಾಕಿ ದಾರ ಕಟ್ಟುವ ಕೆಲಸ ಚಿಕ್ಕ ಮಗನದು. ಕಟ್ಟುವಾಗ ಹೆಸರುಗಳನ್ನು ಗಟ್ಟಿಯಾಗಿ ಓದಬೇಕೆಂದು ಅವನಿಗೆ ಹೇಳಿದ್ದೇವೆ.